ಕೈ ಹೆಣಿಗೆ ಉದ್ಯಮ: ನೂಲು ಮತ್ತು ಕಡ್ಡಿಗಳ ಖರೀದಿಯಲ್ಲಿ ಗಮನಿಸಬೇಕಾದ ಅಂಶಗಳು

ಅಲ್ಪ ಬಂಡವಾಳದಿಂದ ಆರಂಭಿಸಬಹುದಾದ ಗೃಹೋದ್ಯಮಗಳಲ್ಲಿ ಕೈ ಹೆಣಿಗೆಯೂ ಒಂದು. ಇದಕ್ಕೆ ಯಂತ್ರ ಬೇಡ, ಪ್ರತ್ಯೇಕ ಕಟ್ಟಡವೂ ಬೇಡ. ಬನ್ನೇರುಘಟ್ಟ ರಸ್ತೆಯ ಗೊಟ್ಟಿಗೆರೆಯಂತಹ ಪ್ರದೇಶದಲ್ಲಿ ನಾಲ್ಕೈದು ಮಹಿಳೆಯರು ಒಟ್ಟುಗೂಡಿ ಮಕ್ಕಳ ಸ್ವೆಟರ್, ಟೋಪಿ, ಕಾಲುಚೀಲಗಳನ್ನು ಹೆಣೆದು ಜಯನಗರ, ಜೆ.ಪಿ. ನಗರದ ಅಂಗಡಿಗಳಿಗೆ ಪೂರೈಸಬಹುದು. ಆದರೆ ಸರಕು ಮಾರಾಟವಾಗುವ ಮೊದಲೇ ಕೈಯಿಂದ ಹೊರಹೋಗುವ ಹಣ ನೂಲಿನದು. ಅದರ ಲೆಕ್ಕ ತಪ್ಪಿದರೆ ಹೆಣೆದವರ ಕೂಲಿಯೇ ನಷ್ಟಕ್ಕೆ ಜಮೆಯಾಗುತ್ತದೆ. ಆದುದರಿಂದ ಖರೀದಿಯ ಕೆಲವು ಮೂಲ ನಿಯಮಗಳನ್ನು ಇಲ್ಲಿ ವಿವರಿಸಲಾಗಿದೆ.

1. ನೂಲಿನ ಆಯ್ಕೆ

ನಮ್ಮ ರಾಜ್ಯದ ದಖ್ಖನಿ ಕುರಿಯ ಉಣ್ಣೆ ಒರಟಾದುದು. ಚಳ್ಳಕೆರೆಯ ಕಂಬಳಿಗೆ ಆ ಒರಟುತನವೇ ಬಲ. ಮಗುವಿನ ಸ್ವೆಟರಿಗೆ ಅದೇ ದೋಷ, ಏಕೆಂದರೆ ಅದು ಚರ್ಮಕ್ಕೆ ಚುಚ್ಚುತ್ತದೆ. ಮೆರಿನೋ ಉಣ್ಣೆ ನಯವಾಗಿದ್ದರೂ ದುಬಾರಿ. ಬಿಸಿ ನೀರಿನಲ್ಲಿ ಉಜ್ಜಿ ಒಗೆದರೆ ಕುಗ್ಗುತ್ತದೆ. ಆಕ್ರಿಲಿಕ್ ಹಗುರ, ಅಗ್ಗ, ಒಗೆಯಲು ಸುಲಭ. ಆದರೆ ಇಸ್ತ್ರಿಯ ಬಿಸಿಗೆ ರೂಪ ಕೆಡುತ್ತದೆ, ಬೆಂಕಿ ತಗುಲಿದರೆ ಕರಗುತ್ತದೆ. ಹತ್ತಿ ನೂಲು ಬೆವರು ಹೀರುತ್ತದೆ. ಆದರೆ ಭಾರ, ಮತ್ತು ಹೆಣೆದ ಬಟ್ಟೆ ಜೋಲುವುದುಂಟು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ಚಳಿ ಸೌಮ್ಯವಾದುದು. ಇಲ್ಲಿನ ಗ್ರಾಹಕರಿಗೆ ದಪ್ಪ ಉಣ್ಣೆಗಿಂತ ತೆಳುವಾದ ಹತ್ತಿ, ಆಕ್ರಿಲಿಕ್ ಅಥವಾ ಮಿಶ್ರ ನೂಲಿನ ಉಡುಪೇ ಹೆಚ್ಚು ಉಪಯುಕ್ತ.

2. ಬೆಲೆಯನ್ನು ಮೀಟರಿನಲ್ಲಿ ಲೆಕ್ಕ ಹಾಕಿರಿ

ನೂಲು ಸಾಮಾನ್ಯವಾಗಿ ತೂಕಕ್ಕೆ ಮಾರಾಟವಾಗುತ್ತದೆ. ಬಟ್ಟೆಯಾಗುವುದು ಮಾತ್ರ ಅದರ ಉದ್ದ. ಹತ್ತಿಯ ಎಳೆ ಆಕ್ರಿಲಿಕ್‌ಗಿಂತ ಸಾಂದ್ರವಾದುದರಿಂದ, ಅಷ್ಟೇ ದಪ್ಪದ ಹತ್ತಿ ನೂಲಿನ 100 ಗ್ರಾಂ ಉಂಡೆಯಲ್ಲಿ ಉದ್ದ ಕಡಿಮೆ ಇರುತ್ತದೆ. ಒಂದು ಕಾಲ್ಪನಿಕ ಲೆಕ್ಕವನ್ನು ನೋಡೋಣ. ಹತ್ತಿಯ ಉಂಡೆ 100 ರೂ., ಉದ್ದ 170 ಮೀಟರ್. ಅದೇ ತೂಕದ ಆಕ್ರಿಲಿಕ್ ಉಂಡೆ 110 ರೂ., ಉದ್ದ 220 ಮೀಟರ್. ಮೇಲ್ನೋಟಕ್ಕೆ ಹತ್ತಿಯೇ ಅಗ್ಗ.

ಈಗ 40 ಮಕ್ಕಳ ಸ್ವೆಟರುಗಳ ಬೇಡಿಕೆ ಬಂದಿದೆಯೆನ್ನಿ. ಒಂದಕ್ಕೆ 250 ಮೀಟರ್ ನೂಲು ಬೇಕು. ಶೇ. 10ರಷ್ಟು ಹೆಚ್ಚುವರಿ ಸೇರಿಸಿದರೆ 275 ಮೀಟರ್. ಒಟ್ಟು 11,000 ಮೀಟರ್. ಆಕ್ರಿಲಿಕ್ ಆದರೆ 50 ಉಂಡೆ, 5,500 ರೂ. ಹತ್ತಿಯಾದರೆ 65 ಉಂಡೆ, 6,500 ರೂ. ಉಂಡೆಗೆ ಹತ್ತು ರೂಪಾಯಿ ಅಗ್ಗವೆಂದು ಕಂಡ ನೂಲು ಕೊನೆಗೆ ಸಾವಿರ ರೂಪಾಯಿ ದುಬಾರಿಯಾಯಿತು. ಹತ್ತಿಯನ್ನು ಕೊಳ್ಳಬಾರದೆಂದು ಇದರ ಅರ್ಥವಲ್ಲ. ಗ್ರಾಹಕರಿಗೆ ಹೇಳುವ ಬೆಲೆಯಲ್ಲಿ ಆ ಸಾವಿರ ರೂಪಾಯಿ ಸೇರಿರಬೇಕು, ಅಷ್ಟೆ. ಬಿಡಿಯಾಗಿ ತೂಗಿಸಿಕೊಳ್ಳುವ ಉಣ್ಣೆಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಉಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲದಲ್ಲಿ ನೀರಿಗೂ ಬೆಲೆ ತೆತ್ತಂತಾಗುತ್ತದೆ.

3. ಮಾದರಿ ತುಂಡು

ಒಂದು ಉಡುಪಿಗೆ ಎಷ್ಟು ಮೀಟರ್ ಬೇಕೆಂದು ತಿಳಿಯುವ ಕ್ರಮ ಸರಳವಾಗಿದೆ. ಒಂದೇ ಉಂಡೆ ಕೊಂಡು ಸುಮಾರು 10 ಸೆಂ.ಮೀ. ಚೌಕದ ತುಂಡನ್ನು ಹೆಣೆಯಿರಿ. ಒಗೆದು ಒಣಗಿಸಿ ಅಳೆಯಿರಿ. ಕುಣಿಕೆಗಳನ್ನೂ ಸಾಲುಗಳನ್ನೂ ಎಣಿಸಿ ಬರೆದಿಡಿರಿ. ಅನಂತರ ತುಂಡನ್ನು ಬಿಚ್ಚಿ, ನೂಲಿನ ಉದ್ದವನ್ನು ಅಳೆಯಿರಿ. 100 ಚದರ ಸೆಂ.ಮೀ.ಗೆ 10 ಮೀಟರ್ ತಗುಲಿದರೆ, 2,500 ಚದರ ಸೆಂ.ಮೀ. ವಿಸ್ತೀರ್ಣದ ಸ್ವೆಟರಿಗೆ 250 ಮೀಟರ್. ಹೆಣೆಯಲು ಹಿಡಿದ ಸಮಯವನ್ನು ಗುರುತಿಸಿಕೊಂಡರೆ ಕೂಲಿಯ ಅಂದಾಜೂ ದೊರೆಯುತ್ತದೆ. ಒದ್ದೆಯಾದ ಬಿಳಿ ಬಟ್ಟೆಯಿಂದ ತುಂಡನ್ನು ಉಜ್ಜಿ, ಬಣ್ಣ ಬಿಡುವುದೇ ಎಂಬುದನ್ನೂ ಆಗಲೇ ಪರೀಕ್ಷಿಸಬೇಕು.

4. ಬಣ್ಣದ ಲಾಟ್

ಒಂದೇ ಬಣ್ಣದ ಹೆಸರಿದ್ದರೂ ಬೇರೆ ಬೇರೆ ಸಲ ಅದ್ದಿದ ನೂಲಿನ ಛಾಯೆ ಭಿನ್ನವಾಗಿರಬಹುದು. ಅಂಗಡಿಯ ದೀಪದ ಬೆಳಕಿನಲ್ಲಿ ಕಾಣದ ವ್ಯತ್ಯಾಸ, ಹೆಣೆದ ಮೇಲೆ ಹಗಲಿನಲ್ಲಿ ಗೆರೆಯಂತೆ ಎದ್ದು ಕಾಣುತ್ತದೆ. ಅಂಗಡಿಯವರು ಸರಕನ್ನು ಹಿಂದಿರುಗಿಸಲು ಅಷ್ಟೇ ಸಾಕು. ಚೀಟಿಯ ಮೇಲಿನ ಲಾಟ್ ಸಂಖ್ಯೆಯನ್ನು ನೋಡಿ, ಒಂದು ಬೇಡಿಕೆಗೆ ಬೇಕಾದ ಅಷ್ಟೂ ಉಂಡೆಗಳನ್ನು ಒಂದೇ ಸಲ ಕೊಳ್ಳಬೇಕು. ಬಿಚ್ಚದ ಉಂಡೆಗಳನ್ನು ಹಿಂದಕ್ಕೆ ಪಡೆಯುವ ಷರತ್ತನ್ನು ಬಿಲ್ಲಿನಲ್ಲಿಯೇ ಬರೆಸಿಕೊಳ್ಳುವುದು ಕ್ಷೇಮ.

5. ಕಡ್ಡಿಗಳ ಸಂಖ್ಯೆ

ಹೆಣಿಗೆ ಕಡ್ಡಿಗಳ ಹಳೆಯ ಬ್ರಿಟಿಷ್ ಕ್ರಮದಲ್ಲಿ ಸಂಖ್ಯೆ ಹೆಚ್ಚಿದಂತೆ ಕಡ್ಡಿ ತೆಳುವಾಗುತ್ತದೆ. ಅಮೆರಿಕದ ಕ್ರಮದಲ್ಲಿ ದಪ್ಪವಾಗುತ್ತದೆ. ಬ್ರಿಟಿಷ್ 8 ಎಂದರೆ 4 ಮಿ.ಮೀ., ಅಮೆರಿಕದ 8 ಎಂದರೆ 5 ಮಿ.ಮೀ. ಬ್ರಿಟಿಷ್ 10 ಎಂದರೆ 3.25 ಮಿ.ಮೀ. ಆದರೆ ಅಮೆರಿಕದ 10 ಎಂದರೆ 6 ಮಿ.ಮೀ. ವಿದೇಶದ ಬಂಧುಗಳು ಕಳುಹಿಸಿದ ವಿನ್ಯಾಸವನ್ನು ಅನುಸರಿಸುವಾಗ ಸಂಖ್ಯೆಯನ್ನು ನಂಬದೆ ಮಿಲಿಮೀಟರ್ ಅಳತೆಯನ್ನೇ ಕೇಳಿರಿ. ನುಣುಪಾದ ನೂಲಿಗೆ ಜಾರದ ಬಿದಿರಿನ ಕಡ್ಡಿ, ಒರಟು ನೂಲಿಗೆ ಲೋಹದ ಕಡ್ಡಿ ಅನುಕೂಲ. ಇವಲ್ಲದೆ ಅಳತೆ ಟೇಪು, ಕತ್ತರಿ, ಅಂಚು ಜೋಡಿಸಲು ಮೊಂಡು ಮೊನೆಯ ಸೂಜಿ, ಒಂದು ಸಣ್ಣ ತಕ್ಕಡಿ ಇದ್ದರೆ ಆರಂಭಕ್ಕೆ ಸಾಕು.

ಚಿಕ್ಕಪೇಟೆಯ ಸಗಟು ಅಂಗಡಿಗೆ ಹೋಗುವ ಮುನ್ನ ಎಷ್ಟು ಮೀಟರ್, ಎಷ್ಟು ಉಂಡೆ, ಯಾವ ಅಳತೆಯ ಕಡ್ಡಿ ಎಂಬ ಮೂರು ಸಂಗತಿಗಳು ಚೀಟಿಯಲ್ಲಿರಲಿ. ನೂಲು ಮಾರುವ ವ್ಯಾಪಾರಿಗಳೂ ಉಂಡೆಯ ಉದ್ದ ಮತ್ತು ಲಾಟ್ ಸಂಖ್ಯೆಯನ್ನು ಕೇಳದೆಯೇ ತಿಳಿಸುವ ಪದ್ಧತಿಯನ್ನು ಇಟ್ಟುಕೊಂಡರೆ, ಅಂತಹ ಅಂಗಡಿಗೆ ಗ್ರಾಹಕರು ಮತ್ತೆ ಮತ್ತೆ ಬರುವರು.