ಹಳೇ ಕಾರು ಮಾರೋದು ಹೇಗೆ? (ಮೋಸ ಹೋಗದೆ)

ಮೊದಲೇ ಹೇಳ್ಬಿಡ್ತೀನಿ. ನಾನು ಎಲ್.ಕೆ.ಜಿ.ಯಿಂದಲೂ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಇದೇ ಮೊದಲು. ಒತ್ತಕ್ಷರ ತಪ್ಪಿದ್ರೆ ಸಂಪಾದಕರು ತಿದ್ದುತ್ತಾರೆ ಅನ್ನೋ ಧೈರ್ಯದ ಮೇಲೆ ಶುರು ಮಾಡ್ತಿದೀನಿ.

ನಮ್ಮೂರು ಗುಂಡ್ಲುಪೇಟೆ ತಾಲ್ಲೂಕು, ತೆರಕಣಾಂಬಿ ಹತ್ತಿರ. ಅಪ್ಪ ಅರಿಶಿನ ಬೆಳೀತಾರೆ. ಈ ಸಲ ಬೋರ್‌ವೆಲ್ ಮೋಟರ್ ಸುಟ್ಟುಹೋಯ್ತು. ಅದೇ ತಿಂಗಳಲ್ಲೇ ನನ್ನ ಎರಡನೇ ವರ್ಷದ ಫೀಸು ಕಟ್ಟೋಕೆ ಕೊನೇ ದಿನ ಇತ್ತು. ಮನೇಲಿದ್ದ ಆಲ್ಟೋ ಮಾರೋದು ಅಂತ ತೀರ್ಮಾನ ಆಯ್ತು. 2013ರ ಮಾಡೆಲ್, ಕೆಎ 10 ನಂಬರ್. "ನೀನು ಕಂಪ್ಯೂಟರ್ ಓದ್ತಿದೀಯಲ್ಲವ್ವ, ಆನ್‌ಲೈನಲ್ಲಿ ಹಾಕು" ಅಂದ್ರು ಅಪ್ಪ. ಹಾಕಿದೆ. ಆಮೇಲೆ ಆಗಿದ್ದೆಲ್ಲ ನನಗೆ ಒಂದು ಸೆಮಿಸ್ಟರ್ ಪಾಠದಷ್ಟಾಯ್ತು. ಅದನ್ನೇ ಇಲ್ಲಿ ಬರೆದಿದೀನಿ, ನಿಮ್ಮ ಮನೇಲೂ ಒಂದಲ್ಲ ಒಂದು ದಿನ ಕಾರೋ ಬೈಕೋ ಮಾರ್ತೀರಲ್ಲ.

ಪಾಠ 1: ಪಿನ್ ಒತ್ತೋದು ಯಾರು?

ರಾತ್ರಿ ಎಂಟಕ್ಕೆ ಜಾಹೀರಾತು ಹಾಕಿದೆ. ಹದಿನೈದು ನಿಮಿಷಕ್ಕೆ ಫೋನ್ ಬಂತು. "ನಾನು ಮಿಲಿಟರಿಯಲ್ಲಿದೀನಿ, ಮೈಸೂರಿಗೆ ಟ್ರಾನ್ಸ್‌ಫರ್ ಆಗಿದೆ, ಕಾರು ಅರ್ಜೆಂಟಾಗಿ ಬೇಕು" ಅಂದ. ನಾವು ಹೇಳಿದ್ದು 1,85,000 ರೂಪಾಯಿ. ಚೌಕಾಸಿ ಇಲ್ಲ, ಕಾರು ನೋಡೋದೂ ಬೇಡ, "ಓಕೆ" ಅಂದ. ವಾಟ್ಸ್‌ಆ್ಯಪಲ್ಲಿ ಯೂನಿಫಾರಂ ಹಾಕಿದ ಫೋಟೋ, ಐ.ಡಿ. ಕಾರ್ಡ್ ಕಳಿಸಿದ. ಅಡ್ವಾನ್ಸ್ 10,000 ಹಾಕ್ತೀನಿ ಅಂದ. ಮೊದಲು 5 ರೂಪಾಯಿ ಹಾಕಿದ, ನಿಜವಾಗ್ಲೂ ಬಂತು. ಆಮೇಲೆ ಒಂದು ಕ್ಯೂ.ಆರ್. ಕೋಡ್ ಕಳಿಸಿ "ಇದನ್ನ ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತೆ" ಅಂದ.

ನಾನು ಅಪ್ಪನ ಫೋನಲ್ಲಿ ಸ್ಕ್ಯಾನ್ ಮಾಡಿದೆ. 10,000 ಅಂತ ತೋರಿಸ್ತು, ಪಿನ್ ಕೇಳ್ತು. ಎರಡು ಅಂಕಿ ಒತ್ತಿಯೂ ಆಗಿತ್ತು. ಪಕ್ಕದಲ್ಲಿ ಹುರುಳಿಕಾಳು ಆರಿಸ್ತಾ ಕೂತಿದ್ದ ಅಜ್ಜಿ ತಲೆ ಎತ್ತಿ ಕೇಳಿದ್ರು: "ಕಾಸು ಕೊಡವ್ನು ಅವ್ನು. ನಂಬರ್ ಒತ್ತವ್ಳು ನೀನ್ಯಾಕವ್ವ?"

ಕೈ ನಿಂತೋಯ್ತು. ಸ್ಕ್ರೀನ್ ಸರಿಯಾಗಿ ಓದಿದೆ. ಅಪ್ಪನ ಖಾತೆಯಿಂದ ಅವನಿಗೆ ಕಳಿಸ್ತಿದೀರ ಅಂತ ಸ್ಪಷ್ಟವಾಗಿ ಬರೆದಿತ್ತು. ನಾನು ಓದಿರಲಿಲ್ಲ, ಅಷ್ಟೇ. "ನಮ್ಮ ಖಾತೆ ನಂಬರಿಗೆ ಹಾಕಿ" ಅಂದಿದ್ದಕ್ಕೆ ಬೈದು ಫೋನ್ ಇಟ್ಟ. ಅಪ್ಪನ ಖಾತೇಲಿ ಆವತ್ತಿದ್ದದ್ದು ಫೀಸಿಗೆ ಅಂತ ಕೂಡಿಟ್ಟಿದ್ದ ದುಡ್ಡು.

ಇದರ ಹಿಂದಿನ ತಾಂತ್ರಿಕ ವಿಷಯ ತುಂಬಾ ಸಿಂಪಲ್. ಯು.ಪಿ.ಐ. ಪಿನ್ ಬೇಕಾಗೋದು ನಮ್ಮ ಖಾತೆಯಿಂದ ದುಡ್ಡು ಕಳಿಸೋಕೆ, ಇಲ್ಲಾಂದ್ರೆ ನಮ್ಮ ಬ್ಯಾಲೆನ್ಸ್ ನೋಡೋಕೆ. ದುಡ್ಡು ಪಡೆಯೋಕೆ ಪಿನ್ ಬೇಡವೇ ಬೇಡ. ಕ್ಯೂ.ಆರ್. ಕೋಡ್ ಒಳಗೆ ಇರೋದು ದುಡ್ಡು ಪಡೆಯೋನ ಯು.ಪಿ.ಐ. ಐ.ಡಿ., ಹೆಸರು, ಕೆಲವು ಸಲ ಮೊತ್ತ. ಅಂದ್ರೆ ಯಾರ ಕೋಡನ್ನ ಸ್ಕ್ಯಾನ್ ಮಾಡ್ತೀವೋ ದುಡ್ಡು ಅವರಿಗೆ ಹೋಗುತ್ತೆ. ಅಂಗಡೀಲಿ ದಿನಾ ಇದನ್ನೇ ಮಾಡ್ತೀವಿ, ಆದ್ರೆ ಗಡಿಬಿಡೀಲಿ ಮರೀತೀವಿ. ವ್ಯಕ್ತಿಯಿಂದ ವ್ಯಕ್ತಿಗೆ "ದುಡ್ಡು ಕೊಡಿ" ಅಂತ ಕಳಿಸೋ ಕಲೆಕ್ಟ್ ರಿಕ್ವೆಸ್ಟನ್ನ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದಾರೆ. ಕ್ಯೂ.ಆರ್. ಆಟ ಮಾತ್ರ ನಿಂತಿಲ್ಲ. ಆ 5 ರೂಪಾಯಿ ನಮ್ಮ ನಂಬಿಕೆಗೆ ಅವನು ಕೊಟ್ಟ ಬೆಲೆ.

ಒಂದು ವೇಳೆ ದುಡ್ಡು ಹೋಗಿಬಿಟ್ರೆ ನಾಚಿಕೆ ಪಡ್ತಾ ಕೂರಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಗಿರೋ ರಾಷ್ಟ್ರೀಯ ಸಹಾಯವಾಣಿ. ಕಳ್ಳ ದುಡ್ಡನ್ನ ಬೇರೆ ಬೇರೆ ಖಾತೆಗೆ ಹಂಚೋ ಮುಂಚೆ ದೂರು ಹೋದ್ರೆ ಬ್ಯಾಂಕಿನವರು ಅದನ್ನ ತಡೆಹಿಡಿಯೋ ಅವಕಾಶ ಇರುತ್ತೆ.

ಪಾಠ 2: ಬಂದ ದುಡ್ಡು ಬೇರೆ, ಬಂದಂಗಿರೋ ದುಡ್ಡು ಬೇರೆ

ಎರಡನೇ ಫೋನಿನವನು ಇನ್ನೊಂದು ಥರ. "20,000 ಹಾಕೋ ಬದಲು ತಪ್ಪಿ 40,000 ಹಾಕಿದೀನಿ, ಮಿಕ್ಕಿದ್ದು ವಾಪಸ್ ಹಾಕಿ" ಅಂದ. ಮೆಸೇಜ್ ಬಂದಿತ್ತು, ಖಾತೆಗೆ ಜಮಾ ಅಂತ. ನೋಡಿದ್ರೆ ಮೆಸೇಜ್ ಬಂದಿದ್ದು ಮಾಮೂಲಿ ಹತ್ತಂಕಿ ಮೊಬೈಲ್ ನಂಬರಿಂದ. ಬ್ಯಾಂಕಿನ ಮೆಸೇಜ್ ಹಾಗೆ ಬರಲ್ಲ. ಖಾತೇಲಿ ಒಂದು ರೂಪಾಯಿಯೂ ಜಾಸ್ತಿ ಆಗಿರಲಿಲ್ಲ.

ಅದಕ್ಕೆ ಮೆಸೇಜು, ಸ್ಕ್ರೀನ್‌ಶಾಟು ಯಾವುದನ್ನೂ ನಂಬಬೇಡಿ. ನಮ್ಮ ಬ್ಯಾಂಕ್ ಆ್ಯಪಲ್ಲಿ ಅಥವಾ ಪಾಸ್‌ಬುಕ್‌ನಲ್ಲಿ ಕಾಣೋದು ಮಾತ್ರ ದುಡ್ಡು. "ಇವತ್ತು ಭಾನುವಾರ, ಬ್ಯಾಂಕ್ ರಜ, ನಾಳೆ ಬರುತ್ತೆ, ಕೀ ಕೊಡಿ" ಅಂದ್ರೂ ಕೊಡಬೇಡಿ. ಎನ್.ಇ.ಎಫ್.ಟಿ. 2019ರ ಡಿಸೆಂಬರಿಂದ, ಆರ್.ಟಿ.ಜಿ.ಎಸ್. 2020ರ ಡಿಸೆಂಬರಿಂದ ದಿನದ 24 ಗಂಟೆ, ರಜಾದಿನದಲ್ಲೂ ನಡೆಯುತ್ತೆ. ಚೆಕ್ ಕೊಟ್ರೆ ಅದು ಕ್ಲಿಯರ್ ಆಗಿ ಖಾತೆಗೆ ಬರೋವರೆಗೂ ಕಾರು ನಮ್ಮ ಮನೆ ಮುಂದೇನೇ ನಿಂತಿರಬೇಕು. ಬೌನ್ಸ್ ಆದ್ರೆ ಕೇಸ್ ಹಾಕೋಕೆ ಕಾನೂನಿದೆ, ಆದ್ರೆ ಕೋರ್ಟು ಮುಗಿಯೋ ಹೊತ್ತಿಗೆ ನನ್ನ ಡಿಗ್ರೀನೇ ಮುಗಿದಿರುತ್ತೆ. ನಗದು ಕೊಡ್ತೀನಿ ಅಂದ್ರೆ ಇನ್ನೊಂದು ವಿಷಯ ಗೊತ್ತಿರಲಿ: ಒಂದು ವ್ಯವಹಾರದಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳೋದನ್ನ ಆದಾಯ ತೆರಿಗೆ ಕಾನೂನು 2017ರ ಏಪ್ರಿಲಿಂದ ನಿಷೇಧಿಸಿದೆ, ದಂಡ ಬೀಳೋದು ತಗೊಂಡವರಿಗೆ.

ಪಾಠ 3: ಟ್ರಯಲ್ ಮತ್ತು ಝೆರಾಕ್ಸ್

ಗುಂಡ್ಲುಪೇಟೆ ಮೂರು ರಾಜ್ಯದ ದಾರಿ ಸೇರೋ ಜಾಗ. ಮದ್ದೂರು ಚೆಕ್‌ಪೋಸ್ಟ್ ದಾಟಿದ್ರೆ ಕೇರಳದ ದಾರಿ, ಮೇಲುಕಾಮನಹಳ್ಳಿ ದಾಟಿದ್ರೆ ಊಟಿ ದಾರಿ. ಬಂಡೀಪುರದಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಗೇಟ್ ಹಾಕಿರ್ತಾರೆ ನಿಜ, ಆದ್ರೆ ಹಗಲೊತ್ತು "ಒಂದು ರೌಂಡ್ ಟ್ರಯಲ್ ನೋಡ್ತೀನಿ" ಅಂತ ಹೋದೋನು ಒಂದು ಗಂಟೇಲಿ ಬೇರೆ ರಾಜ್ಯದಲ್ಲಿರ್ತಾನೆ. ಟ್ರಯಲ್‌ಗೆ ನಾವೂ ಕೂರಬೇಕು, ಒಬ್ಬರೇ ಅಲ್ಲ, ಮನೆಯವರು ಇನ್ನೊಬ್ಬರೂ ಇರಲಿ. ಡ್ರೈವಿಂಗ್ ಲೈಸೆನ್ಸ್ ನೋಡಿ, ಫೋಟೋ ತಗೊಳ್ಳಿ. ಎರಡನೇ ಕೀ, ಅಸಲಿ ಆರ್.ಸಿ. ಮನೇಲೇ ಇರಲಿ.

ಆರ್.ಸಿ., ಆಧಾರ್ ಫೋಟೋಗಳನ್ನ ಕೇಳಿದವರಿಗೆಲ್ಲ ವಾಟ್ಸ್‌ಆ್ಯಪ್ ಮಾಡಬೇಡಿ. ಅದನ್ನೇ ಇಟ್ಕೊಂಡು ನಮ್ಮ ಕಾರನ್ನ ತಮ್ಮದು ಅಂತ ಇನ್ಯಾರಿಗೋ ತೋರಿಸಿ ಅಡ್ವಾನ್ಸ್ ಹೊಡೀತಾರೆ. ಖರೀದಿ ಖಾತ್ರಿಯಾದ ಮೇಲೆ ಝೆರಾಕ್ಸ್ ಕೊಡಿ, ಅದರ ಮೇಲೆ ಅಡ್ಡಕ್ಕೆ "ಈ ಕಾರಿನ ಮಾರಾಟಕ್ಕೆ ಮಾತ್ರ" ಅಂತ ಬರೆದು ತಾರೀಖು, ಸಹಿ ಹಾಕಿ.

ಪಾಠ 4: ಚಿಕ್ಕಪ್ಪನ ಖಾಲಿ ಫಾರಂ

ಇದು ನಿಜವಾಗ್ಲೂ ದೊಡ್ಡ ಪಾಠ. ದುಡ್ಡು ಪೂರ್ತಿ ಬಂದ ಮೇಲೂ ಮುಳುಗಬಹುದು ಅನ್ನೋದು ನನಗೆ ಗೊತ್ತೇ ಇರಲಿಲ್ಲ.

ಚಾಮರಾಜನಗರದಲ್ಲಿರೋ ನಮ್ಮ ಚಿಕ್ಕಪ್ಪ 2019ರಲ್ಲಿ ಓಮ್ನಿ ಮಾರಿದ್ರು. ಬ್ರೋಕರ್ ಪೂರ್ತಿ ದುಡ್ಡು ಕೊಟ್ಟ. ಫಾರಂ 29, ಫಾರಂ 30ಕ್ಕೆ ಖಾಲಿಯಾಗೇ ಸಹಿ ಹಾಕಿಸ್ಕೊಂಡ. "ತಗೊಳ್ಳೋರು ಸಿಕ್ಕಿದ ಮೇಲೆ ಹೆಸರು ತುಂಬ್ಕೋತೀನಿ ಅಣ್ಣ" ಅಂದ. ಇದಕ್ಕೆ ಓಪನ್ ಫಾರಂ ಅಂತಾರೆ. ಎರಡು ವರ್ಷ ಆದ ಮೇಲೆ ಕೋರ್ಟಿಂದ ನೋಟಿಸ್ ಬಂತು. ಆ ಓಮ್ನಿ ಬೈಕಿಗೆ ಗುದ್ದಿ ಒಬ್ಬರ ಕಾಲು ಹೋಗಿತ್ತು. ಇನ್ಶೂರೆನ್ಸ್ ಮುಗಿದಿತ್ತು. ಆರ್.ಸಿ.ಯಲ್ಲಿ ಇನ್ನೂ ಚಿಕ್ಕಪ್ಪನ ಹೆಸರೇ ಇತ್ತು. ಬ್ರೋಕರ್ ಫೋನ್ ಸ್ವಿಚ್ ಆಫ್. ಮಾರಿದ್ದಕ್ಕೆ ಇವರ ಹತ್ರ ಒಂದು ಚೀಟಿಯೂ ಇಲ್ಲ. ಕೇಸ್ ಇನ್ನೂ ನಡೀತಿದೆ.

"ಮಾರಿದ ಮೇಲೆ ನಂದ್ಯಾಕೆ ಜವಾಬ್ದಾರಿ?" ಅಂತ ಚಿಕ್ಕಪ್ಪ ಈಗಲೂ ಕೇಳ್ತಾರೆ. ಉತ್ತರ 2018ರ ಫೆಬ್ರವರಿ 6ರ ಸುಪ್ರೀಂ ಕೋರ್ಟ್ ತೀರ್ಪಲ್ಲಿದೆ. ಅಲ್ಲೂ 2007ರಲ್ಲಿ ಮಾರಿದ್ದ ಕಾರು ಕೈಯಿಂದ ಕೈಗೆ ದಾಟಿ 2009ರಲ್ಲಿ ಅಪಘಾತ ಮಾಡಿತ್ತು. ಆರ್.ಟಿ.ಓ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರಕ್ಕೆ ಅವರೇ ಹೊಣೆ ಅಂತ ಕೋರ್ಟ್ ಹೇಳಿತು. ಗಾಯ ಆದವರು ಒಬ್ಬರ ಹಿಂದೆ ಒಬ್ಬರಂತೆ ಖರೀದಿದಾರರನ್ನ ಹುಡುಕ್ಕೊಂಡು ಅಲೆಯೋ ಹಾಗಾಗಬಾರದು ಅನ್ನೋದು ಅದರ ಕಾರಣ. ಯೋಚನೆ ಮಾಡಿದ್ರೆ ನ್ಯಾಯವೇ. ಕಾಲು ಹೋದವರು ಯಾರನ್ನ ಅಂತ ಹುಡುಕಬೇಕು?

ಹಾಗಾಗಿ ಕಾನೂನು ಹೇಳೋದನ್ನ ಮಾಡ್ಲೇಬೇಕು. 1988ರ ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ, ರಾಜ್ಯದೊಳಗೆ ಮಾರಿದ್ರೆ ಮಾರಿದವರು 14 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕು. ಅದಕ್ಕೇ ಫಾರಂ 29. ಹೆಸರು ಬದಲಾವಣೆ ಅರ್ಜಿ ಫಾರಂ 30. ಕೊಂಡವರಿಗೆ 30 ದಿನದ ಗಡುವು. ಕೇರಳ, ತಮಿಳುನಾಡಿನವರು ಕೊಂಡ್ರೆ ನಮ್ಮ ಆರ್.ಟಿ.ಓ.ನಿಂದ ಎನ್.ಓ.ಸಿ. ಬೇಕು, ಅದು ಫಾರಂ 28, ಅಲ್ಲಿಗೆ 45 ದಿನದ ಗಡುವು. ಎನ್.ಓ.ಸಿ. ಸಿಕ್ಕಿದ ತಕ್ಷಣ ಹೆಸರು ಬದಲಾಯ್ತು ಅಂದ್ಕೋಬೇಡಿ. ಆ ರಾಜ್ಯದಲ್ಲಿ ರಿಜಿಸ್ಟರ್ ಆಗೋವರೆಗೂ ನಮ್ಮ ಹೆಸರೇ ಇರುತ್ತೆ. ಕಾರಿನ ಮೇಲೆ ಸಾಲ ಇತ್ತು ಅಂದ್ರೆ ತೀರಿಸಿ, ಬ್ಯಾಂಕ್ ಪತ್ರ ಮತ್ತು ಫಾರಂ 35 ಕೊಟ್ಟು ಹೆಚ್.ಪಿ. ಕ್ಯಾನ್ಸಲ್ ಮಾಡಿಸ್ಕೊಳ್ಳಿ.

ಡೀಲರಿಗೇ ಕೊಡ್ತೀರಾ? 2023ರ ಏಪ್ರಿಲ್ 1ರಿಂದ ಸೆಕೆಂಡ್ ಹ್ಯಾಂಡ್ ಡೀಲರುಗಳು ಆರ್.ಟಿ.ಓ.ನಿಂದ ಅಧಿಕಾರ ಪತ್ರ ಪಡೀಬೇಕು. ಅದನ್ನ ತೋರಿಸಿ ಅಂತ ಕೇಳಿ. ಕಾರು ಒಪ್ಪಿಸಿದ್ದನ್ನ ಫಾರಂ 29ಸಿ ಮೂಲಕ ಆನ್‌ಲೈನಲ್ಲಿ ದಾಖಲಿಸಿದ್ರೆ, ಆಮೇಲೆ ಹೊಣೆ ಡೀಲರಿನದು. ಚಿಕ್ಕಪ್ಪನ ಕಾಲದಲ್ಲಿ ಇದು ಇರಲಿಲ್ಲ.

ಪಾಠ 5: ಕೊನೆಗೆ ನಾವು ಮಾರಿದ್ದು ಹೀಗೆ

ತಗೊಂಡವರು ಚಾಮರಾಜನಗರದ ಒಬ್ಬ ಮೇಷ್ಟ್ರು. ಎರಡು ಸಲ ಬಂದು ನೋಡಿದ್ರು, ಮೆಕ್ಯಾನಿಕ್ ಕರ್ಕೊಂಡು ಬಂದ್ರು, ಟೈರ್ ಸವೆದಿದೆ ಅಂತ ಚೌಕಾಸಿ ಮಾಡಿದ್ರು. 1,68,000ಕ್ಕೆ ಮುಗೀತು. ಆಗ ನನಗೆ ಹೊಳೀತು, ನಿಜವಾಗಿ ಕೊಳ್ಳೋರು ತೊಂದರೆ ಕೊಡ್ತಾರೆ. ತೊಂದರೆನೇ ಕೊಡದವನ ಮೇಲೆ ಅನುಮಾನ ಪಡಬೇಕು.

ಮಾರೋ ದಿನ ಈ ಕ್ರಮದಲ್ಲಿ ಮಾಡಿದ್ವಿ:

ಒಂದು, ಭೇಟಿ ಮಾಡಿದ್ದು ಹಗಲೊತ್ತು, ಅಪ್ಪನ ಖಾತೆ ಇರೋ ಬ್ಯಾಂಕಿನಲ್ಲೇ. ಬಾಕಿ ಚಲನ್ ಇಲ್ಲ ಅಂತ ಮೊದಲೇ ಪರಿವಾಹನ್ ವೆಬ್‌ಸೈಟಲ್ಲಿ ನೋಡಿದ್ವಿ.

ಎರಡು, ಅವರು ಎನ್.ಇ.ಎಫ್.ಟಿ. ಮಾಡಿದ್ರು. ಪಾಸ್‌ಬುಕ್ ಪ್ರಿಂಟ್ ಹಾಕಿಸಿ ನೋಡೋವರೆಗೂ ಕೀ ಅಪ್ಪನ ಜೇಬಲ್ಲಿತ್ತು. ಅವರು ಬೇಜಾರು ಮಾಡ್ಕೊಳ್ಳಲಿಲ್ಲ.

ಮೂರು, ಫಾರಂ 29, 30ರಲ್ಲಿ ಅವರ ಹೆಸರು, ವಿಳಾಸ, ತಾರೀಖು ಎಲ್ಲ ತುಂಬಿದ ಮೇಲೆ ಅಪ್ಪ ಸಹಿ ಹಾಕಿದ್ರು. ಖಾಲಿ ಜಾಗ ಒಂದೂ ಇಲ್ಲ. ಎಲ್ಲದರ ಫೋಟೋ ನನ್ನ ಫೋನಲ್ಲಿದೆ.

ನಾಲ್ಕು, ಡೆಲಿವರಿ ನೋಟ್. ಇಂಥಾ ದಿನ, ಮಧ್ಯಾಹ್ನ 12 ಗಂಟೆ 40 ನಿಮಿಷಕ್ಕೆ, ಇಷ್ಟು ಕಿಲೋಮೀಟರ್ ಓಡಿರೋ ಕಾರನ್ನ ಒಪ್ಪಿಸಿದೀವಿ, ಇಲ್ಲಿಂದ ಮುಂದೆ ಚಲನ್, ಅಪಘಾತ, ಕೇಸ್ ಎಲ್ಲ ಕೊಂಡವರದು ಅಂತ. ಎರಡೂ ಕಡೆ ಸಹಿ, ಇಬ್ಬರು ಸಾಕ್ಷಿ. ಟೈಮ್ ಬರೆಯೋದು ಮುಖ್ಯ, ಯಾಕಂದ್ರೆ ಕ್ಯಾಮೆರಾ ಚಲನ್ ಮೇಲೆ ಟೈಮ್ ಇರುತ್ತೆ. ಆದ್ರೆ ಡೆಲಿವರಿ ನೋಟ್ ಇದೆ ಅಂತ ಆರ್.ಟಿ.ಓ. ಕೆಲಸ ಬಿಡೋ ಹಾಗಿಲ್ಲ.

ಐದು, ಫಾಸ್ಟ್ಯಾಗ್ ಕಿತ್ತು, ಖಾತೆ ಕ್ಲೋಸ್ ಮಾಡಿಸಿದ್ವಿ. ಇಲ್ಲಾಂದ್ರೆ ಅವರು ಟೋಲ್ ದಾಟಿದಾಗೆಲ್ಲ ನಮ್ಮ ದುಡ್ಡು ಹೋಗ್ತಿತ್ತು. ಇನ್ಶೂರೆನ್ಸ್ ಹೆಸರು ಬದಲಾಯಿಸೋಕೆ ಕೊಂಡವರಿಗೆ 14 ದಿನ ಟೈಮ್ ಇರುತ್ತೆ, ಅದನ್ನೂ ನೆನಪಿಸಿದ್ವಿ.

ಆರು, ಅರ್ಜಿ ಹಾಕೋಕೆ ಅಪ್ಪನೂ ಅವರ ಜೊತೆ ಆರ್.ಟಿ.ಓ.ಗೆ ಹೋದ್ರು. ರಸೀದಿಯ ಒಂದು ಪ್ರತಿ ಇಸ್ಕೊಂಡ್ರು.

ಫೀಸನ್ನ ಕೊನೇ ದಿನಕ್ಕೆ ಎರಡು ದಿನ ಮುಂಚೆ ಕಟ್ಟಿದ್ವಿ. ಮೋಟರ್ ರಿಪೇರಿಯೂ ಆಯ್ತು. ಕೆಲವು ವಾರ ಆದ ಮೇಲೆ ಹಾಸ್ಟೆಲಲ್ಲಿ ಕೂತು ಆ ಕೆಎ 10 ನಂಬರ್ ಹಾಕಿ ನೋಡಿದೆ. ಮಾಲೀಕರ ಹೆಸರು ಬದಲಾಗಿತ್ತು. ಸ್ವಲ್ಪ ಬೇಜಾರಾಯ್ತು, ಅದಕ್ಕಿಂತ ಜಾಸ್ತಿ ಸಮಾಧಾನ ಆಯ್ತು. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅಪ್ಪ ಚಿಕ್ಕಪ್ಪನಿಗೂ ಹೇಳಿದ್ರಂತೆ. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಗೂ ಯಾರಾದ್ರೂ ಆವತ್ತೇ ಹೇಳಿದ್ರೆ ಆಗ್ತಿತ್ತು" ಅಂದ್ರಂತೆ.

ಅದಕ್ಕೇ ಬರೆದೆ. ನಿಮ್ಮ ಮನೇಲಿ ಹಿಂದೆ ಮಾರಿದ ಬೈಕೋ ಕಾರೋ ಇದ್ರೆ ಅದರ ನಂಬರನ್ನ ಇವತ್ತೇ ಪರಿವಾಹನ್‌ನಲ್ಲಿ ಹಾಕಿ ನೋಡಿ. ಇನ್ನೂ ನಿಮ್ಮವರ ಹೆಸರೇ ಇದ್ರೆ, ಸುಮ್ಮನಿರಬೇಡಿ, ಇದ್ದಬದ್ದ ಕಾಗದ ತಗೊಂಡು ಈ ವಾರವೇ ಆರ್.ಟಿ.ಓ.ಗೆ ಹೋಗಿ ಲಿಖಿತವಾಗಿ ತಿಳಿಸಿ. ಮತ್ತೆ, ಯಾರಾದ್ರೂ ದುಡ್ಡು ಕೊಡ್ತೀನಿ ಅಂತ ಪಿನ್ ಒತ್ತೋಕೆ ಹೇಳಿದ್ರೆ ನಮ್ಮಜ್ಜಿಯ ಪ್ರಶ್ನೆ ಕೇಳ್ಕೊಳ್ಳಿ.