ಮತಗಟ್ಟೆಗೆ ಕರೆಯುವ ಮುನ್ನ ಪಟ್ಟಿಗೆ ಸೇರಿಸಿ: ಸಮಾಜ ಕಾರ್ಯಕರ್ತರಿಗೆ ಹನ್ನೊಂದು ಸೂತ್ರಗಳು

1951–52ರ ಮೊದಲ ಮಹಾಚುನಾವಣೆಗೆ ಮತದಾರರ ಪಟ್ಟಿ ತಯಾರಾಗುತ್ತಿದ್ದ ಕಾಲ. ಮನೆಗೆ ಬಂದ ಗುಮಾಸ್ತರ ಮುಂದೆ ಎಷ್ಟೋ ಹೆಣ್ಣುಮಕ್ಕಳು ತಮ್ಮ ಹೆಸರು ಹೇಳಲಿಲ್ಲ. ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದಷ್ಟೇ ಬರೆಸಿದರು. ಸ್ವಂತ ಹೆಸರಿಲ್ಲದ ನಮೂದು ನಡೆಯದು ಎಂದು ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಪಟ್ಟು ಹಿಡಿದರು. ಕೊನೆಗೆ ಸುಮಾರು 28 ಲಕ್ಷ ಮಹಿಳೆಯರ ನಮೂದುಗಳನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಹಕ್ಕು ಸಂವಿಧಾನದಲ್ಲಿತ್ತು. ಆ ಹೆಣ್ಣುಮಕ್ಕಳ ಸಂಕೋಚ ಬಿಡಿಸಿ, ಮನೆಯವರಿಗೂ ತಿಳಿಹೇಳಿ, ಹೆಸರು ಬರೆಸುವ ಒಬ್ಬ ನಂಬಿಕಸ್ಥರು ಮಾತ್ರ ಹೊಸ್ತಿಲಲ್ಲಿ ಇರಲಿಲ್ಲ.

ಆ ನಂಬಿಕಸ್ಥರ ಕೆಲಸವೇ ಇವತ್ತು ಸಮಾಜ ಕಾರ್ಯಕರ್ತರದು. ಮತದಾನದ ಹಿಂದಿನ ವಾರ ಬ್ಯಾನರ್ ಹಿಡಿದು ಜಾಥಾ ಮಾಡಿದರೆ ಫೋಟೊ ಚೆನ್ನಾಗಿ ಬರುತ್ತದೆ, ಆದರೆ ಪಟ್ಟಿಯಲ್ಲಿಲ್ಲದವರಿಗೆ ಅದರಿಂದ ಏನೂ ದಕ್ಕುವುದಿಲ್ಲ. ಮತದಾನ ಹೆಚ್ಚುವುದು ವರ್ಷವಿಡೀ ಒಬ್ಬೊಬ್ಬರ ಹೆಸರಿನ ಮೇಲೆ ಮಾಡುವ ಕೆಲಸದಿಂದ. ಅದನ್ನು ಹೇಗೆ ಮಾಡಬೇಕು? ಇಲ್ಲಿವೆ ಸೂತ್ರಗಳು.

1. ಮೊದಲು ಪಟ್ಟಿ ಓದಿ

ನೀವು ಕೆಲಸ ಮಾಡುವ ಬೀದಿ, ಕಾಲೊನಿ ಅಥವಾ ಹಾಡಿ ಯಾವ ಭಾಗ ಸಂಖ್ಯೆಗೆ ಸೇರುತ್ತದೆ ಎಂದು ಗೊತ್ತು ಮಾಡಿಕೊಳ್ಳಿ. ಆ ಭಾಗದ ಪಟ್ಟಿಯನ್ನು ಮುಖ್ಯ ಚುನಾವಣಾಧಿಕಾರಿಯವರ ಜಾಲತಾಣದಿಂದ ಇಳಿಸಿಕೊಂಡು ಮನೆ ಮನೆಗೆ ಹೋಗಿ ತಾಳೆ ನೋಡಿ. ‘ಅಮ್ಮಾ, ಲಿಸ್ಟಲ್ಲಿ ನಿಮ್ಮ ಹೆಸರಿದೆಯಾ?’ ಎಂದರೆ ‘ಕಾರ್ಡ್ ಇದೆಯಲ್ಲಪ್ಪಾ’ ಎಂಬ ಉತ್ತರ ಬರುತ್ತದೆ. ಅತಿ ಹೆಚ್ಚು ಮತಗಳು ಕಳೆದುಹೋಗುವುದು ಈ ತಪ್ಪು ತಿಳಿವಳಿಕೆಯಲ್ಲಿ. ಕಾರ್ಡ್ ಬರೀ ಗುರುತಿನ ಚೀಟಿ. ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ ಮತ. ಕಾರ್ಡ್ ಇದ್ದೂ ಹೆಸರಿಲ್ಲದವರ, ಹೆಸರಿದ್ದೂ ಕಾರ್ಡ್ ಇಲ್ಲದವರ, ಎರಡೂ ಇಲ್ಲದವರ ಮೂರು ಬೇರೆ ಬೇರೆ ಪಟ್ಟಿ ಮಾಡಿಕೊಳ್ಳಿ. ಮೂವರಿಗೂ ಬೇಕಾದ ಸಹಾಯ ಬೇರೆ ಬೇರೆ.

2. ನಾಲ್ಕು ದಿನಾಂಕ ಮರೆಯಬೇಡಿ

ಹಿಂದೆ ಜನವರಿ 1ಕ್ಕೆ 18 ತುಂಬಿರಬೇಕಿತ್ತು. ಒಂದು ದಿನ ತಡವಾಗಿ ಹುಟ್ಟಿದವರು ಇಡೀ ವರ್ಷ ಕಾಯಬೇಕಿತ್ತು. 2021ರ ಕಾನೂನು ತಿದ್ದುಪಡಿಯ ನಂತರ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಎಂದು ನಾಲ್ಕು ಅರ್ಹತಾ ದಿನಾಂಕಗಳಿವೆ. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ಹಾಗಾಗಿ ಪಿಯು ಕಾಲೇಜು, ಐಟಿಐ, ಹಾಸ್ಟೆಲ್‌ಗಳಿಗೆ ವರ್ಷಕ್ಕೆ ನಾಲ್ಕು ಭೇಟಿ ನಿಗದಿಪಡಿಸಿ. ಓದು ಅರ್ಧಕ್ಕೆ ಬಿಟ್ಟು ಗ್ಯಾರೇಜು, ಗಾರ್ಮೆಂಟ್ಸ್ ಸೇರಿದವರನ್ನು ಮರೆಯಬೇಡಿ. ಅವರನ್ನು ಯಾವ ಕಾಲೇಜಿನ ಶಿಬಿರವೂ ಮುಟ್ಟುವುದಿಲ್ಲ. ಇನ್ನೊಂದು ಗಡುವೂ ನೆನಪಿರಲಿ: ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದ ಮೇಲೆ ಆ ಚುನಾವಣೆಗೆ ಹೊಸ ಹೆಸರು ಸೇರಿಸಲು ಬರುವುದಿಲ್ಲ. ಅರ್ಜಿ ಪರಿಶೀಲನೆಗೂ ದಿನಗಳು ಬೇಕು. ಚುನಾವಣೆ ಘೋಷಣೆಯಾಗಲಿ ಎಂದು ಕಾದು ಕೂರಬೇಡಿ.

3. ಮೂರು ನಮೂನೆ ಬಾಯಿಪಾಠ ಮಾಡಿ

ಹೊಸದಾಗಿ ಸೇರಲು ನಮೂನೆ 6. ಆಕ್ಷೇಪಣೆಗೆ ಅಥವಾ ಹೆಸರು ತೆಗೆಸಲು ನಮೂನೆ 7. ವಿಳಾಸ ಬದಲಾವಣೆ, ತಿದ್ದುಪಡಿ, ಕಳೆದುಹೋದ ಕಾರ್ಡು, ಅಂಗವಿಕಲರೆಂದು ಗುರುತಿಸಿಕೊಳ್ಳುವುದು, ಈ ನಾಲ್ಕಕ್ಕೂ ನಮೂನೆ 8. ಬಾಡಿಗೆ ಮನೆ ಬದಲಿಸಿದವರು ಮತ್ತೆ ನಮೂನೆ 6 ತುಂಬಿ ಎರಡು ಕಡೆ ಹೆಸರು ಉಳಿಸಿಕೊಳ್ಳುವುದು ಸಾಮಾನ್ಯ. ಅದು ಕಾನೂನಿಗೆ ವಿರುದ್ಧ. ಅರ್ಜಿಯಲ್ಲಿ ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಜೈಲಾಗಬಹುದು. ಆದ್ದರಿಂದ ನೀವು ತುಂಬಿಕೊಟ್ಟ ಅರ್ಜಿಯನ್ನು ಸಹಿ ಹಾಕಿಸುವ ಮೊದಲು ಒಮ್ಮೆ ಗಟ್ಟಿಯಾಗಿ ಓದಿ ಹೇಳಿ. ಹೆಸರಿನ ಕಾಗುಣಿತ, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಮನೆ ನಂಬರು ಇವನ್ನು ಅವರ ಬಾಯಿಂದಲೇ ಹೇಳಿಸಿ ತಾಳೆ ಮಾಡಿ. ಸ್ವೀಕೃತಿಯ ಸಂಖ್ಯೆಯನ್ನು ಬರೆದುಕೊಟ್ಟು ಬನ್ನಿ.

4. ಬಿಎಲ್‌ಒ ನಿಮ್ಮ ಜೊತೆಗಾರರು

ಮತಗಟ್ಟೆ ಮಟ್ಟದ ಅಧಿಕಾರಿ ಎಂದರೆ ಬಹಳಷ್ಟು ಕಡೆ ಅಂಗನವಾಡಿ ಟೀಚರೋ ಶಾಲೆಯ ಮೇಷ್ಟ್ರೋ ಆಗಿರುತ್ತಾರೆ. ತಮ್ಮ ಕೆಲಸದ ಜೊತೆಗೆ ಇದನ್ನೂ ಹೊತ್ತಿರುತ್ತಾರೆ. ದೂರು ಹಿಡಿದು ಹೋಗುವ ಬದಲು ನೀವು ತಾಳೆ ನೋಡಿದ ಪಟ್ಟಿ ಹಿಡಿದು ಹೋಗಿ. ಅವರ ಅರ್ಧ ಕೆಲಸ ಹಗುರವಾಗುತ್ತದೆ, ನಿಮ್ಮ ಅರ್ಜಿಗಳು ಬೇಗ ಚಲಿಸುತ್ತವೆ. ಕರಡು ಪಟ್ಟಿ ಪ್ರಕಟವಾದಾಗ ಅಳಿಸಿಹೋದ ಹೆಸರುಗಳನ್ನು ತಪ್ಪದೆ ನೋಡಿ. ಬದುಕಿರುವವರ ಹೆಸರು, ಅಲ್ಲೇ ಇರುವವರ ಹೆಸರು ಬಿಟ್ಟುಹೋಗಿದ್ದರೆ ಸುಮ್ಮನಿರಬೇಡಿ. ಮತದಾರರ ನೋಂದಣಾಧಿಕಾರಿಯ ಆದೇಶ ಬಂದ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಹಾಕಬಹುದು. ಅಲ್ಲೂ ಆಗದಿದ್ದರೆ 30 ದಿನದೊಳಗೆ ಮುಖ್ಯ ಚುನಾವಣಾಧಿಕಾರಿಯ ಬಳಿ ಹೋಗಬಹುದು. ಬಡವರಿಗೆ ಈ ದಾರಿ ಗೊತ್ತಿರುವುದಿಲ್ಲ. ತೋರಿಸುವುದು ನಿಮ್ಮ ಹೊಣೆ.

5. ಯಾರ ಕಣ್ಣಿಗೂ ಬೀಳದವರನ್ನು ಹುಡುಕಿ

ಇದು ಸಮಾಜ ಕಾರ್ಯಕರ್ತರೇ ಮಾಡಬೇಕಾದ ಕೆಲಸ, ಬೇರೆಯವರಿಗೆ ಸುಲಭವಲ್ಲ.

ಫುಟ್‌ಪಾತ್‌ನಲ್ಲಿ, ಮೇಲ್ಸೇತುವೆಯ ಕೆಳಗೆ ಮಲಗುವವರಿಗೆ ವಿಳಾಸದ ದಾಖಲೆ ಬೇಕಿಲ್ಲ. ಅವರು ಅರ್ಜಿಯಲ್ಲಿ ಹೇಳಿದ ಜಾಗಕ್ಕೆ ಬಿಎಲ್‌ಒ ರಾತ್ರಿ ಹೊತ್ತು ಹೋಗಿ, ಅಲ್ಲೇ ಮಲಗುತ್ತಾರೆಯೇ ಎಂದು ಖಚಿತಪಡಿಸಿಕೊಂಡರೆ ಸಾಕು ಎಂಬುದು ಚುನಾವಣಾ ಆಯೋಗದ ಸೂಚನೆ. ಆ ರಾತ್ರಿ ನೀವೂ ಜೊತೆಗಿರಿ. ಅಪರಿಚಿತ ಅಧಿಕಾರಿಯನ್ನು ಕಂಡು ಪೊಲೀಸರೆಂದು ಹೆದರಿ ಎದ್ದು ಹೋದರೆ ಅರ್ಜಿ ಅಲ್ಲಿಗೇ ಮುಗಿಯುತ್ತದೆ.

ಲೈಂಗಿಕ ಕಾರ್ಯಕರ್ತೆಯರಿಗೆ ವೋಟರ್ ಐಡಿ, ಪಡಿತರ ಚೀಟಿ ಕೊಡಬೇಕು, ಅವರ ವೃತ್ತಿಯ ಗುಟ್ಟು ಕಾಯಬೇಕು ಎಂದು ಸುಪ್ರೀಂ ಕೋರ್ಟ್ 2021ರ ಡಿಸೆಂಬರ್‌ನಲ್ಲಿ ಆದೇಶಿಸಿದೆ. ಲಿಂಗತ್ವ ಅಲ್ಪಸಂಖ್ಯಾತರಿಗೆ ನಮೂನೆ 6ರಲ್ಲಿ ತೃತೀಯ ಲಿಂಗಿ ಎಂಬ ಪ್ರತ್ಯೇಕ ಆಯ್ಕೆಯೇ ಇದೆ. ಕರಾವಳಿಯ ಕೊರಗರು, ಮೈಸೂರು–ಕೊಡಗಿನ ಜೇನುಕುರುಬರು ನಮ್ಮ ರಾಜ್ಯದ ವಿಶೇಷ ದುರ್ಬಲ ಬುಡಕಟ್ಟುಗಳು. ಅವರಿರುವ ಕಡೆ ದಾಖಲೆಯ ಕೊರತೆಯೂ ಇದೆ, ಮತಗಟ್ಟೆಯ ದೂರವೂ ಇದೆ.

ಮಾನಸಿಕ ಕಾಯಿಲೆಯವರಿಗೆ ಮತವಿಲ್ಲ ಎಂಬ ಮಾತನ್ನು ನಂಬಬೇಡಿ. ಸಕ್ಷಮ ನ್ಯಾಯಾಲಯವು ಅಸ್ವಸ್ಥ ಚಿತ್ತದವರೆಂದು ಘೋಷಿಸಿದ್ದರೆ ಮಾತ್ರ ಹಕ್ಕು ಹೋಗುತ್ತದೆ. ವೈದ್ಯರ ಚೀಟಿಯಿಂದ ಹೋಗುವುದಿಲ್ಲ. 2019ರಲ್ಲಿ ಚೆನ್ನೈನ ಕೀಳ್ಪಾಕ್ ಮಾನಸಿಕ ಆರೋಗ್ಯ ಸಂಸ್ಥೆಯ ಆವರಣದಲ್ಲೇ ಮತಗಟ್ಟೆ ತೆರೆದು, ಅಲ್ಲಿನ 150ಕ್ಕೂ ಹೆಚ್ಚು ಮಂದಿ ಮತ ಹಾಕಿದರು. ಜಾಮೀನಿನ ಮೇಲೆ ಹೊರಗಿರುವವರಿಗೂ ಮತವಿದೆ. ಇದನ್ನು ಅವರ ಮನೆಯವರಿಗೆ ತಿಳಿಸಿ.

6. ಗುಳೆ ಹೋದವರ ಜೊತೆ ಮೊದಲೇ ಮಾತಾಡಿ

ರಾಯಚೂರು, ಕಲಬುರಗಿ, ಯಾದಗಿರಿ ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದವರಿಗೆ ಊರಲ್ಲಿ ಮತ, ಇಲ್ಲಿ ಬದುಕು. ಎಲ್ಲಿ ಸಾಮಾನ್ಯವಾಗಿ ವಾಸವಿದ್ದಾರೋ ಅಲ್ಲಿ ಹೆಸರಿರಬೇಕು ಎನ್ನುತ್ತದೆ ಕಾನೂನು. ಎರಡು ಮೂರು ತಿಂಗಳಿಗೆ ಬಂದು ಹೋಗುವವರು ಊರಿನಲ್ಲೇ ಹೆಸರು ಉಳಿಸಿಕೊಳ್ಳಲಿ. ವರ್ಷಗಳಿಂದ ಇಲ್ಲೇ ನೆಲೆಸಿದವರಿಗೆ ನಮೂನೆ 8 ತುಂಬಿಸಿ ಇಲ್ಲಿಗೇ ವರ್ಗಾಯಿಸಿಕೊಡಿ. ‘ಕೂಲಿ ಹೋಗ್ತದಲ್ಲ ಅಣ್ಣಾ’ ಎನ್ನುವವರಿಗೆ ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಮು ತಿಳಿಸಿ: ಮತದಾನದ ದಿನ ಮತ ಇರುವ ನೌಕರರಿಗೆ ಸಂಬಳ ಸಹಿತ ರಜೆ ಕೊಡಬೇಕು, ದಿನಗೂಲಿಯವರಿಗೂ. ಕಾರ್ಮಿಕರನ್ನು ಮಾಲೀಕರ ಜೊತೆ ವಾದಕ್ಕೆ ಕಳುಹಿಸುವುದಕ್ಕಿಂತ ಗುತ್ತಿಗೆದಾರರು, ಮೇಸ್ತ್ರಿಗಳ ಬಳಿ ಒಂದು ವಾರ ಮುಂಚೆ ನೀವೇ ಹೋಗಿ ಮಾತಾಡುವುದು ಒಳ್ಳೆಯದು.

7. ಹಾಸಿಗೆ ಹಿಡಿದವರಿಗೆ ಮನೆಯಲ್ಲೇ ಮತ

ರಾಜ್ಯದಲ್ಲಿ 2023ರ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರಿಗೆ ಮತ್ತು ಅಂಗವಿಕಲರಿಗೆ ಮನೆಯಿಂದಲೇ ಮತ ಹಾಕುವ ಅವಕಾಶ ಸಿಕ್ಕಿತು. 2024ರಲ್ಲಿ ವಯಸ್ಸಿನ ಮಿತಿಯನ್ನು 85ಕ್ಕೆ ಏರಿಸಲಾಯಿತು. ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೂ ಈ ಸೌಲಭ್ಯವಿದೆ. ಬೇಕಾದದ್ದು ನಮೂನೆ 12ಡಿ, ಸಮಯ ಅಧಿಸೂಚನೆ ಹೊರಟು ಐದು ದಿನ ಮಾತ್ರ. ಅಷ್ಟರೊಳಗೆ ಓಡಾಡಿ ಮುಗಿಸಬೇಕಾದರೆ ಯಾರ ಮನೆಗೆ ಹೋಗಬೇಕು ಎಂಬ ಪಟ್ಟಿ ಮೊದಲೇ ಕೈಯಲ್ಲಿರಬೇಕು. ಮನೆಯ ಮತ ಆಯ್ದುಕೊಂಡವರು ಆಮೇಲೆ ಮತಗಟ್ಟೆಗೆ ಹೋಗಿ ಹಾಕಲಾಗದು ಎಂಬುದನ್ನೂ ಹೇಳಿ. ಮತಗಟ್ಟೆಗೇ ಬರುತ್ತೇನೆ ಎನ್ನುವವರನ್ನು ತಡೆಯಬೇಡಿ. ಇಳಿಜಾರು ದಾರಿ, ಗಾಲಿಕುರ್ಚಿ ಇವೆಯೇ ಎಂದು ಹಿಂದಿನ ದಿನವೇ ನೋಡಿ ಬನ್ನಿ. ಯಂತ್ರದ ಮೇಲೆ ಬ್ರೈಲ್ ಅಂಕಿಗಳಿರುತ್ತವೆ. ದೃಷ್ಟಿ ಇಲ್ಲದವರು 18 ದಾಟಿದ ಒಬ್ಬರನ್ನು ಜೊತೆಗೆ ಕರೆದೊಯ್ಯಬಹುದು. ಹಾಗೆ ಹೋದವರು ಆ ದಿನ ಇನ್ನೊಬ್ಬರಿಗೆ ಜೊತೆಗಾರರಾಗುವಂತಿಲ್ಲ.

8. ಭಯ ಬಿಡಿಸಿ, ಕೈಯಿಂದಲೇ ಮಾಡಿಸಿ

‘ಯಾರಿಗೆ ಒತ್ತಿದೆ ಅಂತ ಅವರಿಗೆ ಗೊತ್ತಾಗ್ತದಂತೆ, ಪಿಂಚಣಿ ನಿಲ್ಲಿಸ್ತಾರಂತೆ, ಹೌದೇನಪ್ಪಾ?’ ಈ ಪ್ರಶ್ನೆ ನಿಮಗೂ ಎದುರಾಗುತ್ತದೆ. ‘ಇಲ್ಲಜ್ಜಿ’ ಎಂದಷ್ಟೇ ಹೇಳಿದರೆ ನಂಬಿಕೆ ಬರುವುದಿಲ್ಲ. ಒಳಗೆ ಏನಾಗುತ್ತದೆ ಎಂದು ಮಾಡಿ ತೋರಿಸಿ.

ಸ್ವಸಹಾಯ ಸಂಘದ ಸಭೆಯಲ್ಲಿ ಮೂರು ಕುರ್ಚಿ ಹಾಕಿ. ಮೊದಲನೆಯವರು ಪಟ್ಟಿಯಲ್ಲಿ ಹೆಸರು ನೋಡುತ್ತಾರೆ. ಎರಡನೆಯವರು ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿ, ಪುಸ್ತಕದಲ್ಲಿ ಸಹಿಯೋ ಹೆಬ್ಬೆಟ್ಟೋ ಹಾಕಿಸಿ ಚೀಟಿ ಕೊಡುತ್ತಾರೆ. ಮೂರನೆಯವರು ಚೀಟಿ ಪಡೆದು ಯಂತ್ರವನ್ನು ಮತಕ್ಕೆ ಸಿದ್ಧಗೊಳಿಸುತ್ತಾರೆ. ಮೂಲೆಯಲ್ಲಿ ರಟ್ಟಿನ ಮರೆ ಮಾಡಿ, ಒಬ್ಬೊಬ್ಬರನ್ನೇ ಒಳಗೆ ಕಳುಹಿಸಿ. ಬೇಕಾದ ಗುರುತಿನ ಪಕ್ಕದ ನೀಲಿ ಗುಂಡಿ ಒತ್ತಿದರೆ ಅದರ ಬಳಿ ಕೆಂಪು ದೀಪ ಹತ್ತುತ್ತದೆ. ಪಕ್ಕದ ವಿವಿಪ್ಯಾಟ್ ಪೆಟ್ಟಿಗೆಯ ಗಾಜಿನ ಹಿಂದೆ ಏಳು ಸೆಕೆಂಡು ಚೀಟಿ ಕಾಣಿಸಿ ಕೆಳಗೆ ಬೀಳುತ್ತದೆ. ಬೀಪ್ ಸದ್ದು ಕೇಳಿದರೆ ಮತ ಬಿತ್ತು ಎಂದರ್ಥ. ಆ ಚೀಟಿಯಲ್ಲಿ ಅಭ್ಯರ್ಥಿಯ ಹೆಸರು, ಗುರುತು ಇರುತ್ತದೆ, ಮತ ಹಾಕಿದವರ ಹೆಸರು ಇರುವುದಿಲ್ಲ. ಇದನ್ನು ಒಮ್ಮೆ ಕೈಯಾರೆ ಮಾಡಿದ ಅಜ್ಜಿಗೆ ಬೆದರಿಸುವವರ ಮಾತಿನ ಮೇಲಿನ ನಂಬಿಕೆಯೇ ಹೋಗುತ್ತದೆ. ಯಾರೂ ಇಷ್ಟವಿಲ್ಲ ಎನ್ನುವವರಿಗೆ 2013ರಿಂದ ಯಂತ್ರದ ಕೊನೆಯಲ್ಲಿ ನೋಟಾ ಗುಂಡಿಯೂ ಇದೆ ಎಂದು ತಿಳಿಸಿ.

9. ಪಕ್ಷದ ನೆರಳೂ ಬೀಳದಂತೆ ನೋಡಿಕೊಳ್ಳಿ

‘ನೀವೇ ಹೇಳಿ ಸರ್, ಯಾರಿಗೆ ಹಾಕೋಣ?’ ಎಂದು ಕೇಳುವವರಿಗೆ ನಿಮ್ಮ ಉತ್ತರ ಒಂದೇ ಇರಲಿ: ‘ಅದು ನಿಮ್ಮ ತೀರ್ಮಾನ.’ ಅಭ್ಯರ್ಥಿಗಳ ಪ್ರಮಾಣಪತ್ರದಲ್ಲಿರುವ ಆಸ್ತಿ, ಮೊಕದ್ದಮೆ, ಓದು ಇವನ್ನು ಎಲ್ಲರದ್ದೂ ಸಮನಾಗಿ ಓದಿ ಹೇಳಬಹುದು. ಒಬ್ಬರದ್ದನ್ನು ಮಾತ್ರ ಓದಿದರೆ ಅದು ಪ್ರಚಾರ. ಅಭ್ಯರ್ಥಿ ಕಳುಹಿಸಿದ ಆಟೊದಲ್ಲಿ ಜನರನ್ನು ಮತಗಟ್ಟೆಗೆ ಕರೆತರಬೇಡಿ. ಅಭ್ಯರ್ಥಿಯ ಕಡೆಯಿಂದ ಮತದಾರರಿಗೆ ಉಚಿತ ವಾಹನ ಒದಗಿಸುವುದು ಕಾನೂನಿನ ಪ್ರಕಾರ ಭ್ರಷ್ಟಾಚಾರ. ಮತಕ್ಕಾಗಿ ಹಣ ಕೊಡುವುದರಷ್ಟೇ ಪಡೆಯುವುದೂ ಅಪರಾಧ. ಇದನ್ನು ಬಡವರನ್ನು ಹಳಿಯುವ ದನಿಯಲ್ಲಿ ಹೇಳಬೇಡಿ. ನೋಟು ಹಂಚುವವರ ಬಲೆಯಿಂದ ಅವರನ್ನು ಕಾಯುವ ಕಾಳಜಿಯಿಂದ ಹೇಳಿ.

10. ಜನ ಕೊಟ್ಟ ಮಾಹಿತಿಯನ್ನು ಕಾಪಾಡಿ

ಮತದಾರರ ಜಾಗೃತಿಯ ಹೆಸರಿನಲ್ಲಿ ಮನೆ ಮನೆಗೆ ಹೋಗಿ ಖಾಸಗಿ ವಿವರ ಕಲೆಹಾಕಲಾಗಿದೆ ಎಂಬ ಆರೋಪ 2022ರಲ್ಲಿ ಬೆಂಗಳೂರಿನಲ್ಲಿ ದೊಡ್ಡ ವಿವಾದವಾಯಿತು. ಅಂದಿನಿಂದ ಬಾಗಿಲು ತಟ್ಟುವ ಪ್ರಾಮಾಣಿಕರನ್ನೂ ಜನ ಅನುಮಾನದಿಂದ ನೋಡುತ್ತಾರೆ. ಅವರ ಅನುಮಾನ ಸರಿಯಾದದ್ದೇ. ನಿಮ್ಮ ಗುರುತಿನ ಚೀಟಿ ತೋರಿಸಿ ಮಾತು ಶುರುಮಾಡಿ. ಜಾತಿ, ಪಕ್ಷ, ಆದಾಯ ಕೇಳಲೇಬೇಡಿ. ಆಧಾರ್ ಕಾರ್ಡಿನ ಫೋಟೊ ನಿಮ್ಮ ಫೋನಿನಲ್ಲಿ ಉಳಿಯದಿರಲಿ, ವಾಟ್ಸಾಪ್ ಗುಂಪಿಗಂತೂ ಹೋಗಲೇಬಾರದು. ಅರ್ಜಿ ಮುಗಿದ ಕೂಡಲೇ ಕಾಗದಗಳನ್ನು ಅವರ ಕೈಗೇ ಮರಳಿಸಿ.

11. ಆ ದಿನವೂ ಇರಿ, ಮಾರನೇ ದಿನವೂ ಇರಿ

ಮತದಾನದ ದಿನ ನಾಲ್ಕು ಮಾತು ಎಲ್ಲರಿಗೂ ಗೊತ್ತಿರಲಿ. ವೋಟರ್ ಐಡಿ ಇಲ್ಲದಿದ್ದರೆ ಆಧಾರ್, ಭಾವಚಿತ್ರವಿರುವ ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್, ಚಾಲನಾ ಪರವಾನಗಿ, ಪ್ಯಾನ್ ಕಾರ್ಡ್, ಅಂಗವಿಕಲರ ಯುಡಿಐಡಿ ಮುಂತಾದ ಆಯೋಗ ಸೂಚಿಸಿದ ದಾಖಲೆ ನಡೆಯುತ್ತದೆ. ಸಮಯ ಮುಗಿಯುವ ಹೊತ್ತಿಗೆ ಸಾಲಿನಲ್ಲಿ ನಿಂತವರೆಲ್ಲರಿಗೂ ಮತ ಹಾಕುವ ಹಕ್ಕಿದೆ. ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಹಾಕಿ ಹೋಗಿದ್ದರೆ ಮನೆಗೆ ಮರಳಬೇಡಿ. ಗುರುತು ಸಾಬೀತುಪಡಿಸಿ ಟೆಂಡರ್ ಮತ ಕೇಳಿ, ಮತಪತ್ರ ಕೊಡುತ್ತಾರೆ. ಯಾವುದೇ ತೊಡಕಿಗೆ ಸಹಾಯವಾಣಿ 1950.

2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಲ್ಲಿ ಶೇ 81ಕ್ಕೂ ಹೆಚ್ಚು ಮತದಾನವಾಯಿತು. ಬೆಂಗಳೂರು ಉತ್ತರ, ಕೇಂದ್ರ, ದಕ್ಷಿಣ ಮೂರೂ ಶೇ 55ರ ಒಳಗೇ ಉಳಿದವು. ನಗರದವರಿಗೆ ಕಾಳಜಿಯಿಲ್ಲ ಎಂದು ಬೈದು ಸುಮ್ಮನಾಗುವುದು ಸುಲಭ. ನೀವು ಮಾತ್ರ ಮಾರನೇ ದಿನ ನಿಮ್ಮ ಬೀದಿಗೆ ಹೋಗಿ, ಬಾರದವರ ಬಾಗಿಲು ತಟ್ಟಿ, ಕಾರಣ ಕೇಳಿ. ಮನೆ ಬದಲಾಯಿತೇ, ಹೆಸರು ಬಿಟ್ಟುಹೋಯಿತೇ, ರಜೆ ಸಿಗಲಿಲ್ಲವೇ, ಬೇಸರವೇ? ಯಾರಿಗೆ ಹಾಕಿದಿರಿ ಎಂದು ಮಾತ್ರ ಯಾರನ್ನೂ ಕೇಳಬೇಡಿ. ಬರೆದುಕೊಂಡ ಕಾರಣಗಳೇ ನಿಮ್ಮ ಮುಂದಿನ ವರ್ಷದ ಕೆಲಸದ ಯೋಜನೆ.

ಪಿಂಚಣಿ, ಪಡಿತರ, ಮನೆ, ಔಷಧ ಹೀಗೆ ನಾವು ಜನರ ಪರವಾಗಿ ಕೇಳುವ ಪ್ರತಿಯೊಂದನ್ನೂ ಅವರು ತಮ್ಮ ದನಿಯಲ್ಲೇ ಕೇಳುವಂತಾಗಲು ಮತದಷ್ಟು ಗಟ್ಟಿಯಾದ ಆಧಾರ ಇನ್ನೊಂದಿಲ್ಲ. ಇಡೀ ಕ್ಷೇತ್ರವನ್ನು ಒಮ್ಮೆಗೇ ಹೊರುವುದು ಬೇಡ. ಒಂದು ಮತಗಟ್ಟೆ ಆರಿಸಿಕೊಳ್ಳಿ, ಅದರ ಪಟ್ಟಿಯನ್ನು ಈ ವಾರವೇ ಇಳಿಸಿಕೊಳ್ಳಿ, ಮುಂದಿನ ಅರ್ಹತಾ ದಿನಾಂಕದೊಳಗೆ ಅಲ್ಲಿ ಬಿಟ್ಟುಹೋದ ಒಬ್ಬೊಬ್ಬರನ್ನೂ ಸೇರಿಸಿ. ಚುನಾವಣೆ ಬಂದಾಗ ನೋಡೋಣ ಎನ್ನಬೇಡಿ. ಇಂದೇ ಆರಂಭಿಸಿ.