ಎಣಿಕೆ ಏರುಪೇರಾಗಲಿ ಬಿಡಿ

ವಿಕಿರಣ ಎಣಿಸುವ ಜಿಎಂ (ಗೈಗರ್-ಮುಲ್ಲರ್) ಕೌಂಟರ್ ಮುಂದೆ ಮೊದಲ ಸಲ ಕೂರುವ ಮಕ್ಕಳಿಗೆ ನಾನು ಹೇಳುವುದು ಇಷ್ಟೇ: ರೀಡಿಂಗ್ ತಿದ್ದಬೇಡಿ. ಸರಾಸರಿ 100 ಇರುವ ಕಡೆ 83 ಬಂತು, ಅದರ ಬೆನ್ನಿಗೇ 118 ಬಂತು ಎಂದು ಗಾಬರಿಬಿದ್ದು 96, 103, 99 ಅಂತ ರೆಕಾರ್ಡ್ ತುಂಬಿಸುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ನೋಡುವುದಕ್ಕೆ ಚೆಂದವೇ. ಆದರೆ ಪಕ್ಕದ ಪರಮಾಣು ಯಾವಾಗ ಸಿಡಿಯಿತು, ತನಗೆಷ್ಟು ವಯಸ್ಸಾಯಿತು ಎಂಬ ಗೊಡವೆ ಯಾವ ಪರಮಾಣುವಿಗೂ ಇಲ್ಲ. ಹಾಗಾಗಿ ಎಣಿಕೆ ತನ್ನ ವರ್ಗಮೂಲದಷ್ಟು, ಅಂದರೆ ಇಲ್ಲಿ 10ರಷ್ಟು, ಹಿಂದೆಮುಂದೆ ಆಗಿಯೇ ತೀರಬೇಕು. ಹೆಚ್ಚುಕಡಿಮೆ ಮೂರರಲ್ಲೊಂದು ರೀಡಿಂಗ್ ಆ ಗಡಿಯನ್ನೂ ದಾಟುತ್ತದೆ.

ರುದರ್‌ಫೋರ್ಡ್ ಮತ್ತು ಗೈಗರ್ 1910ರಲ್ಲಿ ಮ್ಯಾಂಚೆಸ್ಟರಿನಿಂದ ಪ್ರಕಟಿಸಿದ ಆಲ್ಫಾ ಕಣಗಳ ಎಣಿಕೆಯ ಪಟ್ಟಿಯನ್ನು ಒಮ್ಮೆ ನೀವೇ ಕೂತು ಲೆಕ್ಕ ಹಾಕಿ. ಪೊಲೋನಿಯಂನಿಂದ ಹೊರಟ ಆಲ್ಫಾ ಕಣ ಸತುವಿನ ಸಲ್ಫೈಡ್ ಪರದೆಗೆ ಬಡಿದರೆ ಒಂದು ಮಿಣುಕು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತವರು ಅದು ಕಂಡ ಕ್ಷಣ ಕೀ ಒತ್ತಬೇಕು, ಓಡುವ ಕಾಗದದ ಪಟ್ಟಿಯ ಮೇಲೆ ಗುರುತು ಬೀಳುತ್ತದೆ. ಮೂರೋ ಐದೋ ನಿಮಿಷ ಎಣಿಸಿ ಕಣ್ಣಿಗೆ ಬಿಡುವು ಕೊಡಬೇಕು. ಪೊಲೋನಿಯಂ ದಿನೇ ದಿನೇ ಕ್ಷೀಣಿಸುತ್ತದಲ್ಲ, ಸರಾಸರಿ ಇಳಿಯದಿರಲೆಂದು ಅದನ್ನು ದಿನವೂ ಪರದೆಯ ಹತ್ತಿರಕ್ಕೆ ಸರಿಸಿದರು. ಹೀಗೆ 7.5 ಸೆಕೆಂಡಿನ 2,608 ಅವಧಿಗಳಲ್ಲಿ 10,097 ಮಿಣುಕು, ಅವಧಿಗೆ ಸರಾಸರಿ 3.87.

ಒಂದೂ ಮಿಣುಕದ ಅವಧಿಗಳು 57. ಇಂಥ ಗೊತ್ತುಗುರಿಯಿಲ್ಲದ ಎಣಿಕೆಗಳಿಗಿರುವ ಪಾಯ್ಸಾನ್ ಸೂತ್ರದ ಪ್ರಕಾರ 54. ಮೂರು ಮಿಣುಕಿದವು 525, ಸೂತ್ರವೂ 525. ಇಲ್ಲಿವರೆಗೆ ಯಾರಿಗೂ ತಿದ್ದುವ ಆಸೆ ಹುಟ್ಟುವುದಿಲ್ಲ. ಎಂಟರ ಸಾಲಿಗೆ ಬನ್ನಿ: ಬರಬೇಕಾದದ್ದು 68, ಬಂದದ್ದು 45! ಅವರು 45 ಎಂದೇ ಅಚ್ಚು ಹಾಕಿಸಿದರು. ಹತ್ತು ಮತ್ತು ಅದಕ್ಕೂ ಹೆಚ್ಚಿನವನ್ನು ಒಟ್ಟುಗೂಡಿಸಿ ಪಿಯರ್ಸನ್‌ರ ಕೈ-ಸ್ಕ್ವೇರ್, ಅಂದರೆ ಬಂದದ್ದು ಬರಬೇಕಾದದ್ದರಿಂದ ಎಷ್ಟು ದೂರವಿದೆ ಎಂಬ ಅಳತೆ, ಹಾಕಿದರೆ 12.9 ಬರುತ್ತದೆ. ಅದರಲ್ಲಿ 7.7 ಈ ಒಂದೇ ಸಾಲಿನದು. ಆದರೂ 9 ಡಿಗ್ರಿ ಆಫ್ ಫ್ರೀಡಂಗೆ 12.9 ಹೆದರಿಸುವ ಸಂಖ್ಯೆಯಲ್ಲ; ಅಪ್ಪಟ ಪಾಯ್ಸಾನ್ ಎಣಿಕೆಯಲ್ಲೂ ಆರು ಸಲಕ್ಕೊಮ್ಮೆ ಇಷ್ಟೋ ಇನ್ನೂ ಹೆಚ್ಚೋ ಬಂದೇ ಬರುತ್ತದೆ. ಒಂದು ಸಾಲು ಕೆಟ್ಟಿತೆಂದು ಇಡೀ ಪಟ್ಟಿಯನ್ನು ದೂರುವಂತಿಲ್ಲ.

ಕೈ-ಸ್ಕ್ವೇರ್ ತೀರಾ ಕಡಿಮೆ ಬಂದಾಗ ಮಾತ್ರ ನೀವು ಬೀಗುತ್ತೀರಿ, ನನಗೆ ಅನುಮಾನ ಶುರುವಾಗುತ್ತದೆ. ಮೆಂಡೆಲ್‌ರ ಬಟಾಣಿ ಲೆಕ್ಕ ಸಿದ್ಧಾಂತಕ್ಕೆ ಅತಿಯಾಗಿ ಹೊಂದುತ್ತದೆ ಎಂದು ಸಂಖ್ಯಾಶಾಸ್ತ್ರಜ್ಞ ಫಿಶರ್ 1936ರಲ್ಲಿ ತಗಾದೆ ತೆಗೆದದ್ದು ಇದೇ ಪರೀಕ್ಷೆಯಿಂದ. ಹಾಗಂತ ಪ್ರತಿ ಸಲವೂ ಹುಡುಗರನ್ನೇ ಬೈಯಲಾಗದು, ಕೆಲವೊಮ್ಮೆ ಟ್ಯೂಬಿನದೇ ಕೆಲಸ. ಪ್ರತಿ ಪಲ್ಸ್ ಆದಮೇಲೆ ಜಿಎಂ ಟ್ಯೂಬು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು ಕುರುಡಾಗಿರುತ್ತದೆ. ಸೋರ್ಸನ್ನು ತೀರಾ ಹತ್ತಿರ ಇಟ್ಟು ಸೆಕೆಂಡಿಗೆ 1,000 ಎಣಿಸಿದಿರೋ, ಹತ್ತರಲ್ಲೊಂದು ಪಾಲು ಸಮಯ ಅದಕ್ಕೆ ಕಣ್ಣೇ ಇಲ್ಲ. ಒಂದರ ಬೆನ್ನಿಗೊಂದು ಬಂದವು ತಪ್ಪಿಹೋಗಿ, ಎಣಿಕೆ ಸಹಜಕ್ಕಿಂತ ಸಮವಾಗಿ ಕಾಣುತ್ತದೆ, ಏರುಪೇರಿನ ಅಳತೆಯಾದ ವೇರಿಯನ್ಸ್ ಸರಾಸರಿಗಿಂತ ಕೆಳಗಿಳಿಯುತ್ತದೆ. ಸೋರ್ಸನ್ನು ಹಿಂದಕ್ಕೆ ಸರಿಸಿ ಮತ್ತೆ ಎಣಿಸಿ.

ಇನ್ನೊಂದು, ಇದನ್ನು ಬುದ್ಧಿವಂತರೂ ಮರೆಯುತ್ತಾರೆ. ಕೈ-ಸ್ಕ್ವೇರ್‌ಗೆ ಕ್ರಮ ಗೊತ್ತಿಲ್ಲ. ನಿಮ್ಮ 60 ರೀಡಿಂಗ್‌ಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿಟ್ಟರೂ ಅದು ಅದೇ ಉತ್ತರ ಕೊಡುತ್ತದೆ. ಮೊದಲ ಮೂವತ್ತೂ ಸರಾಸರಿಗಿಂತ ಕೆಳಗೆ, ಉಳಿದವೆಲ್ಲ ಮೇಲೆ ಇದ್ದರೆ ಟ್ಯೂಬಿನ ಹೈವೋಲ್ಟೇಜ್ ಸಪ್ಲೈ ಜಾರುತ್ತಿರಬಹುದು. ಅದನ್ನು ಹಿಡಿಯಲು ಮೇಲೆ-ಕೆಳಗೆ ಎಂಬ ಸರಣಿ ಎಷ್ಟು ಸಲ ಮುರಿಯಿತೆಂದು ಎಣಿಸುವ ರನ್ಸ್ ಟೆಸ್ಟ್ ಬೇಕು. ಅದಕ್ಕೇ ರೀಡಿಂಗ್‌ಗಳನ್ನು ಬಂದ ಕ್ರಮದಲ್ಲೇ ಬರೆದುಕೊಳ್ಳಿ. ಪಕ್ಕದಲ್ಲಿ ಗಂಟೆ, ನಿಮಿಷ, ವೋಲ್ಟೇಜ್, ಸೋರ್ಸಿನ ದೂರ ಇರಲಿ.